ಸಂಕ್ರಾಂತಿ ಜಾತ್ರೆಯಲ್ಲಿ ರಾಸುಗಳ ಅಂದದ ಸ್ಪರ್ಧೆ: ಏರ್ಪಡಿಸುವವರಿಗೆ ಸಮಗ್ರ ಮಾರ್ಗದರ್ಶಿ

ಹಳೇ ಮೈಸೂರು ಭಾಗದ ಸಣ್ಣ ಊರುಗಳಲ್ಲಿ ಸುಗ್ಗಿ ಮುಗಿದು ರಾಗಿಯ ಮೆದೆ ಕಣಕ್ಕೆ ಬಂದ ಮೇಲೆ ನಡೆಯುವ ಜಾತ್ರೆಗಳಲ್ಲಿ ರಾಸುಗಳ ಸ್ಪರ್ಧೆಗೆ ಸೇರುವಷ್ಟು ಜನ ಬೇರೆ ಯಾವ ಕಾರ್ಯಕ್ರಮಕ್ಕೂ ಸೇರುವುದಿಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದಲ್ಲಿ ಪುಷ್ಯ ಮಾಸದ ಬ್ರಹ್ಮರಥೋತ್ಸವಕ್ಕೆ ಮುಂಚೆ ಸೇರುವ ದನಗಳ ಜಾತ್ರೆ, ಶಿವರಾತ್ರಿಯ ಸುಮಾರಿಗೆ ತುಮಕೂರಿನ ಸಿದ್ಧಗಂಗೆಯಲ್ಲಿ ಸೇರುವ ಜಾತ್ರೆ, ಇವೆರಡನ್ನು ನೋಡಿದವರಿಗೆ ಹಲ್ಲಿನ ಲೆಕ್ಕದಲ್ಲಿ ಜೋಡಿಗಳನ್ನು ವಿಂಗಡಿಸಿ ಬಹುಮಾನ ಕೊಡುವ ಪದ್ಧತಿ ಹೊಸದಲ್ಲ. ಅದನ್ನೇ ನಿಮ್ಮ ಹೋಬಳಿಯ ಮಟ್ಟದಲ್ಲಿ, ಸಂಕ್ರಾಂತಿಯ ಜೊತೆಗೆ, ಜಗಳವಿಲ್ಲದೆ, ರೋಗ ಹರಡದೆ, ರಾಸುಗಳಿಗೆ ಹಿಂಸೆಯಾಗದೆ ನಡೆಸುವುದು ಹೇಗೆ ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ. ಉದಾಹರಣೆಗಳೆಲ್ಲ ಹಳ್ಳಿಕಾರ್ ತಳಿಯವು. ವಿಜಯಪುರ ಕಡೆಯ ಖಿಲಾರಿಗೆ, ಬೀದರ್ ಕಡೆಯ ದೇವಣಿಗೆ ಅಥವಾ ಮಲೆನಾಡು ಗಿಡ್ಡಕ್ಕೆ ಲಕ್ಷಣಗಳ ಪಟ್ಟಿಯನ್ನು ಬದಲಿಸಿಕೊಂಡರೆ ಉಳಿದ ವಿಧಾನ ಹಾಗೆಯೇ ಹೊಂದುತ್ತದೆ.

ಮೊದಲ ಕೆಲಸ: ಅಂಕಪಟ್ಟಿ

ಸಾಮಾನ್ಯವಾಗಿ ಸಮಿತಿಗಳು ಮೊದಲು ಚಂದಾ ಎತ್ತುತ್ತವೆ, ಆಮೇಲೆ ಪೆಂಡಾಲ್ ಹಾಕಿಸುತ್ತವೆ, ತೀರ್ಪುಗಾರರನ್ನು ಹಿಂದಿನ ದಿನ ಹುಡುಕುತ್ತವೆ. ಯಾವುದಕ್ಕೆ ಎಷ್ಟು ಅಂಕ ಎಂಬುದನ್ನು ಯಾರೂ ಬರೆದಿಡುವುದೇ ಇಲ್ಲ. ಇದನ್ನು ತಿರುವುಮುರುವು ಮಾಡಬೇಕು. ಈ ವರ್ಷ ಯಾವ ಗುಣಕ್ಕೆ ಅಂಕ ಸಿಗುತ್ತದೆಯೋ ಮುಂದಿನ ವರ್ಷ ರೈತರು ಅದನ್ನೇ ಸಾಕಿಕೊಂಡು ಬರುತ್ತಾರೆ. ಮೈ ತುಂಬಿದ ಕೊಬ್ಬಿಗೆ ಬಹುಮಾನ ಕೊಟ್ಟರೆ ನೊಗ ಕಾಣದ, ಕೊಟ್ಟಿಗೆಯಲ್ಲೇ ರವೆ ಹುರುಳಿ ತಿಂದು ಬೆಳೆದ ಜೋಡಿಗಳು ಹೆಚ್ಚುತ್ತವೆ. ಕೊಂಬಿನ ತುದಿಗೆ ಹಾಕುವ ಬೆಳ್ಳಿಯ ಕೊಡಣಸಿಗೆ, ವಾದ್ಯದ ಮೆರವಣಿಗೆಗೆ ಮರುಳಾದರೆ ದುಡ್ಡಿದ್ದವರ ರಾಸುಗಳೇ ಗೆಲ್ಲುತ್ತವೆ. ಆದ್ದರಿಂದ ಅಕ್ಟೋಬರ್ ತಿಂಗಳಲ್ಲೇ, ಬೇರೆ ಯಾವ ನಿರ್ಧಾರಕ್ಕೂ ಮುಂಚೆ, ಒಂದು ಹಾಳೆಯ ಅಂಕಪಟ್ಟಿಯನ್ನು ಬರೆದು ಅಚ್ಚು ಹಾಕಿಸಿ, ಹಾಲು ಉತ್ಪಾದಕರ ಸಹಕಾರ ಸಂಘದ ಬಾಗಿಲಿಗೂ ಪಂಚಾಯಿತಿಯ ಫಲಕಕ್ಕೂ ಅಂಟಿಸಿ.

ನಾನು ಸೂಚಿಸುವ ಹಂಚಿಕೆ ನೂರು ಅಂಕಗಳದ್ದು. ತಳಿಯ ಲಕ್ಷಣಕ್ಕೆ 30, ಮೈಕಟ್ಟು ಮತ್ತು ನಡಿಗೆಗೆ 30, ಜೋಡಿಯ ಹೊಂದಾಣಿಕೆಗೆ 20, ಸಾಧುತನಕ್ಕೆ 10, ಆರೋಗ್ಯ ಮತ್ತು ಶುಚಿತ್ವಕ್ಕೆ 10. ಅಲಂಕಾರಕ್ಕೆ ಸೊನ್ನೆ. ಗೊಂಡೆ, ಗೆಜ್ಜೆ, ಜೂಲು ಎಲ್ಲವನ್ನೂ ಹಾಕಿಕೊಂಡು ಬರಲಿ, ಹಬ್ಬಕ್ಕೆ ಅದು ಬೇಕು. ಆದರೆ ತೀರ್ಪಿನ ಅಂಗಳದೊಳಗೆ ಬರುವಾಗ ಮೂಗುದಾರ ಮತ್ತು ಹಗ್ಗದ ಹೊರತು ಬೇರೇನೂ ಮೈಮೇಲೆ ಇರಬಾರದು ಎಂಬ ನಿಯಮ ಮಾಡಿದರೆ ಅರ್ಧ ತಕರಾರು ಅಲ್ಲಿಗೇ ನಿಲ್ಲುತ್ತದೆ.

ತಳಿಯ ಲಕ್ಷಣ ಎಂದಾಗ ತೀರ್ಪುಗಾರರು ಏನನ್ನು ನೋಡಬೇಕೆಂಬುದನ್ನು ಪಟ್ಟಿಯಲ್ಲೇ ಬಿಡಿಸಿ ಬರೆಯಬೇಕು. ಹಳ್ಳಿಕಾರಿಗೆ ಉದ್ದನೆಯ ಮುಖ, ಉಬ್ಬಿದ ಹಣೆ ಮತ್ತು ಹಣೆಯ ನಡುವೆ ಇಳಿಯುವ ಗೆರೆ, ನೆತ್ತಿಯ ಮೇಲೆ ಒಂದಕ್ಕೊಂದು ಹತ್ತಿರದಲ್ಲಿ ಮೂಡಿ ಹಿಂದಕ್ಕೆ ಸಾಗಿ ಆಮೇಲೆ ಮುಂದಕ್ಕೆ ಬಾಗುವ ಚೂಪು ತುದಿಯ ಕೊಂಬು, ಚಿಕ್ಕ ಕಿವಿ, ತೆಳ್ಳನೆಯ ಗಂಗೆದೊಗಲು (ಕತ್ತಿನ ಕೆಳಗೆ ಜೋಲುವ ಚರ್ಮ), ಭುಜ ಮತ್ತು ಹಿಂಭಾಗದಲ್ಲಿ ಗಾಢವಾಗುವ ಬೂದು ಬಣ್ಣ, ತೆಳುವಾದ ಬಾಲ, ಕಪ್ಪಾದ ಗಟ್ಟಿ ಗೊರಸು, ಇವು ಮುಖ್ಯ. ಅಂಚೆ ಇಲಾಖೆ 2000ದಲ್ಲಿ ದೇಶಿ ಗೋತಳಿಗಳ ಅಂಚೆಚೀಟಿಗಳನ್ನು ತಂದಾಗ ಗಿರ್, ಕಾಂಗೇಯಂ, ಕಾಂಕ್ರೇಜ್‌ಗಳ ಜೊತೆ ಹಳ್ಳಿಕಾರಿಗೂ ಜಾಗ ಕೊಟ್ಟಿತ್ತು. ಅಮೃತಮಹಲ್ ರಾಸು ದೂರದಿಂದ ಹಳ್ಳಿಕಾರಿನಂತೆಯೇ ಕಾಣುತ್ತದೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯಿಂದ, ಅಂದರೆ ಅರಮನೆಯ ದನಗಳನ್ನು ನೋಡಿಕೊಳ್ಳುತ್ತಿದ್ದ ಇಲಾಖೆಯಿಂದ, ಬಂದ ಆ ತಳಿಯನ್ನು ಅಜ್ಜಂಪುರದ ಕೇಂದ್ರದಲ್ಲಿ ಇಂದಿಗೂ ಕಾಪಾಡಲಾಗುತ್ತಿದೆ. ಎರಡೂ ತಳಿಗಳು ಬರುವ ಸೀಮೆಯಾದರೆ ಬೇರೆ ಬೇರೆ ವಿಭಾಗ ಮಾಡುವುದು ನ್ಯಾಯ.

ರಾಸಿನ ಮೈಕೂದಲಿನ ಸುಳಿಯ ವಿಚಾರಕ್ಕೆ ಒಂದು ಮಾತು. ಎಂಥ ಸುಳಿ ಶುಭ, ಎಂಥದ್ದು ಕೇಡು ಎಂಬ ಲೆಕ್ಕಾಚಾರ ದನ ಕೊಳ್ಳುವವರಲ್ಲಿ ಬಹಳ ಗಟ್ಟಿಯಾಗಿದೆ, ಕೊಳ್ಳುವಾಗ ಅವರವರ ನಂಬಿಕೆ ಅವರಿಗೆ. ಆದರೆ ಅಂಕಪಟ್ಟಿಯಲ್ಲಿ ಸುಳಿಗೆ ಜಾಗ ಕೊಡಬೇಡಿ. ಒಬ್ಬರಿಗೆ ರಾಜಯೋಗವಾದದ್ದು ಇನ್ನೊಬ್ಬರಿಗೆ ಮನೆಹಾಳಾಗಿ ಕಾಣುವ ವಿಷಯದಲ್ಲಿ ಮೂವರು ತೀರ್ಪುಗಾರರು ಒಮ್ಮತಕ್ಕೆ ಬರುವುದಿಲ್ಲ.

ವಿಭಾಗಗಳು ಮತ್ತು ಹಲ್ಲಿನ ಲೆಕ್ಕ

ವಯಸ್ಸನ್ನು ಯಜಮಾನರ ಬಾಯಿಮಾತಿನಿಂದ ಬರೆದುಕೊಳ್ಳದೆ ರಾಸಿನ ಬಾಯಿ ಬಿಡಿಸಿ ಹಲ್ಲು ನೋಡಿಯೇ ಗೊತ್ತುಮಾಡಬೇಕು. ದನಗಳಿಗೆ ಮುಂಭಾಗದ ಹಲ್ಲುಗಳು ಕೆಳದವಡೆಯಲ್ಲಿ ಮಾತ್ರ ಇರುತ್ತವೆ, ಒಟ್ಟು ಎಂಟು. ಹಾಲುಹಲ್ಲು ಬಿದ್ದು ನಡುವಿನ ಎರಡು ಶಾಶ್ವತ ಹಲ್ಲು ಬರುವುದು ಸುಮಾರು ಎರಡರಿಂದ ಎರಡೂವರೆ ವರ್ಷಕ್ಕೆ. ನಾಲ್ಕು ಹಲ್ಲಾಗುವುದು ಮೂರರ ಆಸುಪಾಸಿನಲ್ಲಿ, ಆರು ಹಲ್ಲು ನಾಲ್ಕರ ಸುಮಾರಿಗೆ, ಎಂಟೂ ಹಲ್ಲು ಬಂದು ಬಾಯಿಗೂಡುವುದು ನಾಲ್ಕೂವರೆಯಿಂದ ಐದು ವರ್ಷಕ್ಕೆ. ಮೇವು ಕಡಿಮೆಯಾದ ರಾಸಿನಲ್ಲಿ ಇದು ಹಲವು ತಿಂಗಳು ತಡವಾಗಬಹುದು. ಆದ್ದರಿಂದ ವಿಭಾಗದ ಹೆಸರಿನಲ್ಲಿ ವರ್ಷವನ್ನು ಬರೆಯಬೇಡಿ, ಹಲ್ಲನ್ನೇ ಬರೆಯಿರಿ.

ಹೋಬಳಿ ಮಟ್ಟಕ್ಕೆ ಐದು ವಿಭಾಗ ಸಾಕು: ಹಾಲುಹಲ್ಲಿನ ಹೋರಿಗಳ ಜೋಡಿ, ಎರಡು ಮತ್ತು ನಾಲ್ಕು ಹಲ್ಲಿನ ಜೋಡಿ, ಆರು ಹಲ್ಲಿನ ಮತ್ತು ಬಾಯಿಗೂಡಿದ ಎತ್ತುಗಳ ಜೋಡಿ, ಬೀಜದ ಹೋರಿ, ಮತ್ತು ಕರುವಿನೊಂದಿಗೆ ಹಸು. ಕೊನೆಯ ಎರಡು ವಿಭಾಗಗಳಲ್ಲಿ ಜೋಡಿಯ 20 ಅಂಕ ಅನ್ವಯಿಸುವುದಿಲ್ಲವಾದ್ದರಿಂದ ಬೀಜದ ಹೋರಿಗೆ ಆ ಅಂಕವನ್ನು ಅದರ ಸಂತಾನಕ್ಕೆ ಕೊಡಿ, ಅಂದರೆ ಅದಕ್ಕೆ ಹುಟ್ಟಿದ ಕರುವೊಂದನ್ನು ಜೊತೆಗೆ ತರಬೇಕೆಂದು ಹೇಳಿ. ಹಸುವಿಗೆ ಕೆಚ್ಚಲಿನ ರೂಪಕ್ಕೂ ಕರುವಿನ ಬೆಳವಣಿಗೆಗೂ ಕೊಡಿ.

ಜಾತ್ರೆಗಳಲ್ಲಿ ಹೆಚ್ಚಿನ ಸದ್ದು ಜೋಡಿಗಳದ್ದೇ. ಹಸುವನ್ನು ಕರೆತಂದು ನಿಲ್ಲಿಸುವವರು ವಿರಳ, ಬಹುಮಾನವೂ ಚಿಕ್ಕದು. ಟ್ರ್ಯಾಕ್ಟರ್ ಮತ್ತು ಟಿಲ್ಲರ್ ಬಂದು ಎತ್ತಿನ ಕೆಲಸ ಕುಗ್ಗಿದ ಮೇಲೆ, ಹಾಲು ಕಡಿಮೆ ಕೊಡುವ ಹಳ್ಳಿಕಾರ್ ಹಸುವನ್ನು ಕೊಟ್ಟಿಗೆಯಲ್ಲಿ ಉಳಿಸಿಕೊಳ್ಳಲು ರೈತನಿಗೆ ಕಾರಣವೇ ಇಲ್ಲದಂತಾಗಿದೆ. ಹಸು ಉಳಿಯದೆ ಹೋರಿ ಎಲ್ಲಿಂದ ಬರಬೇಕು? ಆದ್ದರಿಂದ ಐದು ವಿಭಾಗಗಳ ಪೈಕಿ ಅತಿ ದೊಡ್ಡ ಬಹುಮಾನವನ್ನು ಕರುವಿನೊಂದಿಗೆ ಹಸು ವಿಭಾಗಕ್ಕೆ ಇಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಸಮಿತಿಯಲ್ಲಿ ಇದಕ್ಕೆ ಪ್ರತಿರೋಧ ಬರುತ್ತದೆ, ಜೋಡಿ ಕಟ್ಟಿದವರು ಮುನಿಸಿಕೊಳ್ಳುತ್ತಾರೆ, ಬರಲಿ.

ನೋಂದಣಿ ಅರ್ಜಿಯಲ್ಲಿ ಮಾಲೀಕರ ಹೆಸರಿನ ಜೊತೆಗೆ ಸಾಕಿದವರ ಹೆಸರಿಗೂ ಒಂದು ಸಾಲು ಬಿಡಿ. ಹಗ್ಗ ಹಿಡಿದು ಫೋಟೋಗೆ ನಿಲ್ಲುವವರು ಗಂಡಸರಾದರೂ, ಬೆಳಗಿನಿಂದ ಸಂಜೆಯವರೆಗೆ ಮುಸುರೆ, ಹುಲ್ಲು, ನೀರು ನೋಡಿಕೊಂಡವರು ಅನೇಕ ಮನೆಗಳಲ್ಲಿ ಹೆಂಗಸರು. ಬಹುಮಾನ ಕರೆಯುವಾಗ ಎರಡೂ ಹೆಸರನ್ನು ಕರೆಯಬೇಕು.

ದಿನ ಯಾವುದು, ಎಷ್ಟು ಹೊತ್ತು

ಸಂಕ್ರಾಂತಿಯ ದಿನವೇ ಸ್ಪರ್ಧೆ ಇಡಬೇಡಿ. ಜನವರಿ 14 ಅಥವಾ 15ರ ಆ ದಿನ ಪ್ರತಿ ಮನೆಯಲ್ಲೂ ರಾಸುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಪೂಜೆ ಮಾಡಿ, ಸಂಜೆ ಕಿಚ್ಚು ಹಾಯಿಸುವ ಕೆಲಸವಿರುತ್ತದೆ. ಅದರ ನಡುವೆ ಜೋಡಿಯನ್ನು ಹೊಡೆದುಕೊಂಡು ಬೇರೆ ಊರಿಗೆ ಬರುವುದಕ್ಕೆ ಯಾರಿಗೂ ಬಿಡುವಿಲ್ಲ. ಮರುದಿನದ ಬೆಳಗ್ಗೆ ಹೆಚ್ಚು ಅನುಕೂಲ. ರಾಸುಗಳು ಆಗಲೇ ತೊಳೆದು ಸಿಂಗಾರಗೊಂಡಿರುತ್ತವೆ, ನೆಂಟರೂ ಊರಿನಲ್ಲೇ ಇರುತ್ತಾರೆ. ಇದರಿಂದ ಇನ್ನೊಂದು ಪ್ರಯೋಜನವೂ ಇದೆ: ಕಿಚ್ಚಿನಲ್ಲಿ ಕೂದಲು ಸುಟ್ಟ, ಚರ್ಮ ಬೆಂದ ರಾಸಿಗೆ ಆರೋಗ್ಯದ ಅಂಕ ಹೋಗುತ್ತದೆ ಎಂದು ಮೊದಲೇ ತಿಳಿಸಿದರೆ ಹಿಂದಿನ ಸಂಜೆ ಬೆಂಕಿಯ ಎತ್ತರ ತಾನಾಗಿ ತಗ್ಗುತ್ತದೆ. ಭಾಷಣ ಮಾಡಿ ಸಾಧಿಸಲಾಗದ್ದನ್ನು ಹತ್ತು ಅಂಕ ಸಾಧಿಸುತ್ತದೆ.

ಒಂದು ಪ್ರವೇಶಕ್ಕೆ ಐದು ನಿಮಿಷದಂತೆ ಲೆಕ್ಕ ಹಾಕಿ. ನಲವತ್ತು ಪ್ರವೇಶವಾದರೆ ಇನ್ನೂರು ನಿಮಿಷ. ಬೆಳಗ್ಗೆ ಎಂಟಕ್ಕೆ ಆರಂಭಿಸಿದರೆ ಹನ್ನೊಂದು ಇಪ್ಪತ್ತಕ್ಕೆ, ಬಿಸಿಲು ಏರುವ ಮೊದಲು, ಮುಗಿಯುತ್ತದೆ. ಅದಕ್ಕಿಂತ ಹೆಚ್ಚು ಅರ್ಜಿ ಬಂದರೆ ಮೊದಲು ಬಂದವರಿಗೆ ಮೊದಲ ಆದ್ಯತೆ ಎಂದು ನಿಲ್ಲಿಸಿ. ಉದ್ಘಾಟನೆಯ ಭಾಷಣಗಳನ್ನು ತೀರ್ಪಿನ ನಂತರಕ್ಕೆ ತಳ್ಳಿ. ಶಾಸಕರು ಬರುವವರೆಗೆ ರಾಸುಗಳನ್ನು ಬಿಸಿಲಿನಲ್ಲಿ ಕಾಯಿಸುವ ಸಂಪ್ರದಾಯವನ್ನು ನಿಮ್ಮ ಊರು ಪಾಲಿಸಬೇಕಿಲ್ಲ.

ಇಲಾಖೆ, ಠಾಣೆ, ಲಸಿಕೆ

ತಾಲ್ಲೂಕಿನ ಪಶುಪಾಲನಾ ಮತ್ತು ಪಶುವೈದ್ಯಕೀಯ ಸೇವಾ ಇಲಾಖೆಯ ಸಹಾಯಕ ನಿರ್ದೇಶಕರಿಗೆ ಅಕ್ಟೋಬರ್ ಕೊನೆಯೊಳಗೆ ಬರಹದಲ್ಲಿ ಮನವಿ ಕೊಡಿ. ಜಾತ್ರೆಯ ಜಾಗ, ದಿನಾಂಕ, ಎಷ್ಟು ರಾಸುಗಳು ಬರಬಹುದು, ಯಾವ ಊರುಗಳಿಂದ ಬರುತ್ತವೆ ಎಂಬ ವಿವರ ಅದರಲ್ಲಿರಲಿ. ಇದು ಬರೀ ಔಪಚಾರಿಕತೆಯಲ್ಲ. ಚರ್ಮಗಂಟು ರೋಗ ಹಬ್ಬಿದ 2022ರಲ್ಲಿ ರಾಜ್ಯದ ಹಲವು ಜಿಲ್ಲೆಗಳಲ್ಲಿ ದನಗಳ ಸಂತೆ ಮತ್ತು ಜಾತ್ರೆಗಳನ್ನೇ ನಿಷೇಧಿಸಲಾಗಿತ್ತು. ಅಂಥ ಆದೇಶ ಬಂದರೆ ತಕ್ಷಣ ನಿಮಗೆ ಗೊತ್ತಾಗಬೇಕು, ಬಂದಾಗ ಎದುರು ಮಾತಿಲ್ಲದೆ ಸ್ಪರ್ಧೆಯನ್ನು ರದ್ದುಮಾಡಬೇಕು.

ಕಾಲುಬಾಯಿ ಜ್ವರದ ಲಸಿಕೆ ಹಾಕಿಸಿದ ಮೇಲೆ ರೋಗನಿರೋಧಕ ಶಕ್ತಿ ಕೂಡಿಬರಲು ಎರಡು ಮೂರು ವಾರ ಬೇಕು. ಹಾಗಾಗಿ ಡಿಸೆಂಬರ್ 20ನ್ನು ಲಸಿಕೆಗೆ ಕೊನೆಯ ದಿನವೆಂದು ಸಾರಿ. ಹಿಂದಿನ ದಿನ ಓಡಿಹೋಗಿ ಹಾಕಿಸಿಕೊಂಡು ಬಂದ ಲಸಿಕೆಯಿಂದ ಆ ರಾಸಿಗೂ ರಕ್ಷಣೆಯಿಲ್ಲ, ಪಕ್ಕದ ರಾಸಿಗೂ ಇಲ್ಲ. ಪ್ರತಿ ಅರ್ಜಿಯಲ್ಲಿ ರಾಸಿನ ಕಿವಿಯೋಲೆಯ (ಗುರುತಿಗಾಗಿ ಕಿವಿಗೆ ಹಾಕುವ ಬಿಲ್ಲೆಯ) ಹನ್ನೆರಡು ಅಂಕಿಯ ಸಂಖ್ಯೆಯನ್ನು ಬರೆಸಿಕೊಂಡರೆ ಲಸಿಕೆಯ ದಾಖಲೆಯನ್ನು ಪಶುವೈದ್ಯರು ತಾಳೆ ನೋಡಬಹುದು, ಒಂದು ರಾಸನ್ನು ಎರಡು ಹೆಸರಿನಲ್ಲಿ ತರುವ ಚಾಲಾಕಿತನಕ್ಕೂ ತಡೆಯಾಗುತ್ತದೆ.

ಲಾರಿ ಅಥವಾ ಗೂಡ್ಸ್ ಗಾಡಿಯಲ್ಲಿ ತರುವವರಿಗೆ ಪ್ರಾಣಿ ಸಾಗಣೆಯ 1978ರ ನಿಯಮಗಳನ್ನು ತಿಳಿಸಿ: ಒಂದು ವಾಹನದಲ್ಲಿ ಆರಕ್ಕಿಂತ ಹೆಚ್ಚು ದನಗಳನ್ನು ತುಂಬುವಂತಿಲ್ಲ, ಪ್ರಯಾಣಕ್ಕೆ ಯೋಗ್ಯವೆಂಬ ಪಶುವೈದ್ಯರ ಪ್ರಮಾಣಪತ್ರ ಜೊತೆಯಲ್ಲಿರಬೇಕು. ಸಾಗಣೆಗೆ ಬೇರೆ ಯಾವ ಕಾಗದ ಬೇಕೆಂಬುದನ್ನು ಠಾಣೆಯಲ್ಲಿ ಮೊದಲೇ ಕೇಳಿ, ನೋಂದಣಿಯ ರಸೀದಿಯ ಹಿಂಬದಿಯಲ್ಲೇ ಅಚ್ಚು ಹಾಕಿಸಿ. ದಾರಿಯಲ್ಲಿ ತಡೆದಾಗ ರೈತನ ಕೈಯಲ್ಲಿ ಆ ರಸೀದಿಯಾದರೂ ಇರುತ್ತದೆ. ಧ್ವನಿವರ್ಧಕಕ್ಕೂ ಅದೇ ಠಾಣೆಯ ಅನುಮತಿ ಬೇಕು, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಅದನ್ನು ಹಾಕುವಂತಿಲ್ಲ.

ಮೈದಾನ

ಡಾಂಬರು, ಸಿಮೆಂಟು ನೆಲ ಬೇಡವೇ ಬೇಡ. ಲಾಳ ಕಟ್ಟಿದ ಎತ್ತು ನುಣುಪು ನೆಲದ ಮೇಲೆ ಜಾರಿ ಬಿದ್ದರೆ ತೊಡೆಯ ಕೀಲು ಹೋಗಬಹುದು. ಕುಯ್ಲಾದ ಹೊಲ ಅತ್ಯುತ್ತಮ. ಕೂಳೆ ಚುಚ್ಚದಂತೆ ಒಮ್ಮೆ ಹಲುಬೆ ಹೊಡೆಸಿ ನೀರು ಚಿಮುಕಿಸಿದರೆ ಸಾಕು. ಒಂದು ಜೋಡಿಗೆ ಹನ್ನೆರಡು ಅಡಿ ಉದ್ದಗಲದ ಜಾಗ ಗೊತ್ತುಮಾಡಿ ಗೂಟ ಬಡಿಸಿ, ಬೀಜದ ಹೋರಿಗಳನ್ನು ಹಸುಗಳಿಂದ ದೂರದಲ್ಲಿ, ಗಾಳಿಯ ದಿಕ್ಕು ನೋಡಿ ಕಟ್ಟಿಸಿ. ಒಂದು ದೊಡ್ಡ ರಾಸಿಗೆ ದಿನಕ್ಕೆ 30ರಿಂದ 40 ಲೀಟರ್ ನೀರು ಬೇಕು. ಒಂದೇ ತೊಟ್ಟಿಯಲ್ಲಿ ಎಲ್ಲವೂ ಮೂತಿ ಇಡುವುದು ರೋಗ ಹರಡುವ ಸುಲಭದ ದಾರಿಯಾದ್ದರಿಂದ ಟ್ಯಾಂಕರ್ ನಿಲ್ಲಿಸಿ, ಅವರವರ ಬಕೆಟ್ಟಿನಲ್ಲೇ ಹಿಡಿದು ಕುಡಿಸುವಂತೆ ಮಾಡಿ.

ಪ್ರವೇಶದ್ವಾರ ಒಂದೇ ಇರಲಿ, ಅಲ್ಲಿ ಪಶುವೈದ್ಯರ ಮೇಜು. ಜೊಲ್ಲು ಸುರಿಸುವ, ಕುಂಟುವ, ಚರ್ಮದ ಮೇಲೆ ಗಂಟು ಕಾಣುವ ರಾಸು ಒಳಗೆ ಬರಬಾರದು; ಅದನ್ನು ಕಟ್ಟಲು ಹೊರಗೆ ಬೇರೆಯದೇ ಜಾಗವಿರಬೇಕು. ದೂರದಿಂದ ಬಂದ ರೈತನನ್ನು ಬಾಗಿಲಿನಿಂದ ವಾಪಸು ಕಳಿಸುವುದು ಕಷ್ಟದ ಕೆಲಸ, ಆ ಮಾತನ್ನು ಆಡಬೇಕಾದವರು ವೈದ್ಯರೇ ಹೊರತು ಸಮಿತಿಯವರಲ್ಲ.

ತೀರ್ಪಿನ ಅಂಗಳಕ್ಕೂ ಜನಕ್ಕೂ ನಡುವೆ ಹದಿನೈದು ಅಡಿ ಅಂತರ ಬಿಟ್ಟು ಬೊಂಬು ಕಟ್ಟಿಸಿ. ಪಟಾಕಿ, ಡ್ರೋನ್ ನಿಷೇಧ. ತಮಟೆ ಜಾತ್ರೆಯ ಜೀವ, ಆದರೆ ಅದು ಅಂಗಳದಿಂದ ದೂರದಲ್ಲಿರಲಿ.

ತೀರ್ಪುಗಾರರು

ಮೂವರು ಸಾಕು: ಒಬ್ಬರು ಪಶುವೈದ್ಯರು, ಒಬ್ಬರು ಬೇರೆ ತಾಲ್ಲೂಕಿನ ಅನುಭವಿ ಸಾಕಣೆದಾರರು, ಇನ್ನೊಬ್ಬರು ಇಂದಿಗೂ ಎತ್ತಿನಲ್ಲಿ ಬೇಸಾಯ ಮಾಡುವ ರೈತರು. ದಲ್ಲಾಳಿಗಳಿಗೆ ರಾಸಿನ ಜ್ಞಾನ ಎಲ್ಲರಿಗಿಂತ ಹೆಚ್ಚಿರಬಹುದು, ಆದರೆ ಬಹುಮಾನ ಬಂದ ಜೋಡಿಗೆ ಅದೇ ಸಂಜೆ ಬೆಲೆ ಏರುವ ಕಡೆ ವ್ಯಾಪಾರ ಮಾಡುವವರನ್ನು ತೀರ್ಪಿಗೆ ಕೂರಿಸುವುದು ಸರಿಯಲ್ಲ. ತೀರ್ಪುಗಾರರ ಅಥವಾ ಅವರ ನೆಂಟರ ರಾಸುಗಳಿಗೆ ಪ್ರವೇಶವಿಲ್ಲ. ಮೇವು ಕಂಪನಿಗಳಿಂದ ಪ್ರಾಯೋಜಕತ್ವ ಪಡೆಯಿರಿ, ಫಲಕ ಕಟ್ಟಲಿ. ಆದರೆ ಅವರ ಪ್ರತಿನಿಧಿ ಅಂಗಳದೊಳಗೆ ಕಾಲಿಡಬಾರದು.

ಮೂವರೂ ಬೇರೆ ಬೇರೆ ನಿಂತು, ಪರಸ್ಪರ ಮಾತಾಡದೆ, ತಮ್ಮ ಹಾಳೆಯಲ್ಲಿ ಅಂಕ ಬರೆದು ಸಹಿ ಹಾಕಿ ಕೊಡಬೇಕು. ಹಾಳೆಯಲ್ಲಿ ಮಾಲೀಕರ ಹೆಸರಿರದೆ ಸಂಖ್ಯೆ ಮಾತ್ರ ಇರಬೇಕು. ಸಮ ಬಂದರೆ ಮೈಕಟ್ಟು ಮತ್ತು ನಡಿಗೆಯ ಅಂಕ ಹೆಚ್ಚು ಪಡೆದವರು ಮುಂದೆ.

ಐದು ನಿಮಿಷದಲ್ಲಿ ನೋಡಬೇಕಾದದ್ದು

ಮೊದಲು ರಾಸು ಸಮತಟ್ಟಾದ ನೆಲದ ಮೇಲೆ ಚೌಕವಾಗಿ ನಿಲ್ಲಲಿ. ಬದಿಯಿಂದ ನೋಡಿದಾಗ ಹಿಣಿಲಿನ (ಭುಜದ ಮೇಲಿನ ಡುಬ್ಬದ) ಹಿಂದಿನಿಂದ ಬಾಲದ ಬುಡದವರೆಗೆ ಬೆನ್ನು ತಗ್ಗದೆ ಇರಬೇಕು, ಮುಂದಿನಿಂದ ನೋಡಿದಾಗ ಎದೆ ಅಗಲವಾಗಿ ಮುಂಗಾಲುಗಳು ನೇರವಾಗಿರಬೇಕು, ಹಿಂದಿನಿಂದ ನೋಡಿದಾಗ ಹಿಂಗಾಲಿನ ಕೀಲುಗಳು ಒಂದಕ್ಕೊಂದು ಉಜ್ಜುವಂತಿರಬಾರದು. ಗೊರಸಿನ ಸೀಳು ಬಿಗಿಯಾಗಿದೆಯೇ, ಲಾಳ ಹೊಡೆದ ಮೊಳೆ ಮಾಂಸಕ್ಕೆ ತಾಗಿದೆಯೇ ಎಂಬುದನ್ನು ಕಾಲೆತ್ತಿಸಿಯೇ ನೋಡಬೇಕು.

ಆಮೇಲೆ ನಡಿಗೆ. ಇದು ಅಂಗಳದ ಅತಿ ಮುಖ್ಯ ಪರೀಕ್ಷೆ. ಮೂವತ್ತು ಹೆಜ್ಜೆಯಷ್ಟು ಉದ್ದಕ್ಕೆ ಸಡಿಲ ಮಣ್ಣು ಹರಡಿ ಪ್ರತಿ ಸಲವೂ ಗುಡಿಸಿ ಸಮ ಮಾಡಿಸಿ, ಅದರ ಮೇಲೆ ಹಗ್ಗ ಸಡಿಲಬಿಟ್ಟು ನಡೆಸಿ. ಒಳ್ಳೆಯ ನಡಿಗೆಯ ರಾಸಿನ ಹಿಂದಿನ ಗೊರಸು ಮುಂದಿನ ಗೊರಸಿನ ಗುರುತಿನ ಮೇಲೋ ಅದಕ್ಕೂ ಮುಂದೋ ಬೀಳುತ್ತದೆ; ಹಿಂದೆಯೇ ಉಳಿದರೆ ಹೆಜ್ಜೆ ಗಿಡ್ಡ, ಬದಿಗೆ ಸರಿದು ಬಿದ್ದರೆ ಕಾಲಿನ ಜೋಡಣೆಯಲ್ಲಿ ಕೊರತೆ. ಹಳ್ಳಿಕಾರಿಗೆ ಒಳ್ಳೆಯ ಹೆಸರು ಬಂದದ್ದೇ ದೂರದ ಓಟಕ್ಕೆ, ಗಾಡಿಗೆ, ಉಳುಮೆಗೆ. ತಿಂದು ಕೊಬ್ಬಿದ ರಾಸು ನಿಂತಾಗ ಎಷ್ಟೇ ಚೆಂದ ಕಂಡರೂ ಆ ಮಣ್ಣಿನ ಮೇಲೆ ಬಣ್ಣ ಬಯಲಾಗುತ್ತದೆ, ನೋಡುವ ಜನಕ್ಕೂ ಗುರುತು ಕಣ್ಣೆದುರೇ ಇರುವುದರಿಂದ ತೀರ್ಪಿನ ಮೇಲೆ ಅನುಮಾನ ಬರುವುದಿಲ್ಲ.

ಜೋಡಿಯ ಹೊಂದಾಣಿಕೆಯನ್ನು ಕಣ್ಣಳತೆಗೆ ಬಿಡದೆ ಟೇಪಿನಿಂದ ಅಳೆಯಿರಿ. ಹಿಣಿಲಿನ ಹಿಂದೆ ಎತ್ತರ, ಎದೆಯ ಸುತ್ತಳತೆ, ಭುಜದ ಮುಂಚಾಚಿನಿಂದ ಪೃಷ್ಠದ ಮೂಳೆಯವರೆಗೆ ಉದ್ದ, ಈ ಮೂರನ್ನು ಇಂಚಿನಲ್ಲಿ ಬರೆದುಕೊಳ್ಳಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ತೂಕ ಕಿಲೋಗ್ರಾಂ ಲೆಕ್ಕದಲ್ಲಿ ಸುಮಾರಾಗಿ ಸಿಗುತ್ತದೆ: ಸುತ್ತಳತೆ 60, ಉದ್ದ 50 ಇದ್ದರೆ ತೂಕ 273 ಕಿಲೋ ಸುಮಾರು. ಎತ್ತರದಲ್ಲಿ ಒಂದು ಇಂಚಿಗಿಂತ ಹೆಚ್ಚು ವ್ಯತ್ಯಾಸವಿರುವ ಜೋಡಿಯಲ್ಲಿ ನೊಗದ ಭಾರ ಒಂದೇ ಕಡೆ ವಾಲುತ್ತದೆ, ಅದಕ್ಕೆ ಅಂಕ ಕಡಿಯಬೇಕು. ಕೊಂಬಿನ ಬಾಗು ಮತ್ತು ಮೈಬಣ್ಣದ ಹೋಲಿಕೆಗೆ ಉಳಿದ ಅಂಕ.

ಸಾಧುತನಕ್ಕೆ, ಅಪರಿಚಿತರಾದ ತೀರ್ಪುಗಾರರು ಮೈ ಸವರಿ, ಬಾಯಿ ಬಿಡಿಸಿ, ಕಾಲೆತ್ತಿದಾಗ ರಾಸು ಹೇಗಿರುತ್ತದೆ ಎಂಬುದಷ್ಟೇ ಪರೀಕ್ಷೆ. ಮಂಕಾಗಿ ನಿಂತದ್ದೆಲ್ಲ ಸಾಧುವಲ್ಲ. ಅಮಲು ಬರಿಸಿ ಕರೆತಂದ ಅನುಮಾನವಿದ್ದರೆ ವೈದ್ಯರ ಮಾತೇ ಅಂತಿಮ. ಬಾಲ ತಿರುಚಿದರೆ, ಮೊಳೆಗೋಲಿನಿಂದ ಚುಚ್ಚಿದರೆ, ಕೊಂಬನ್ನು ರಕ್ತ ಬರುವಷ್ಟು ಹೆರೆದಿದ್ದರೆ ಆ ಪ್ರವೇಶ ಅಲ್ಲಿಯೇ ರದ್ದು. ಪ್ರಾಣಿಗಳಿಗೆ ಅನಗತ್ಯ ನೋವು ಕೊಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧವೂ ಹೌದು.

ಬಹುಮಾನ

ಪ್ರವೇಶ ಶುಲ್ಕ ಬೇಡ. ಚಿನ್ನದ ನಾಣ್ಯ, ಬೈಕು ಎಂದು ಸಾರಿದರೆ ಜನ ಸೇರುತ್ತಾರೆ ನಿಜ, ಜೊತೆಗೆ ಬಾಡಿಗೆಗೆ ತಂದ ಜೋಡಿಗಳೂ ಸೇರುತ್ತವೆ. ಮೇವು ಕತ್ತರಿಸುವ ಯಂತ್ರ, ಹಿಂಡಿಯ ಮೂಟೆ, ಕೊಟ್ಟಿಗೆಗೆ ರಬ್ಬರ್ ಹಾಸು, ಒಂದು ವರ್ಷದ ಜಾನುವಾರು ವಿಮೆಯ ಕಂತು ಇಂಥವು ನಿಜವಾಗಿ ಸಾಕುವವರಿಗೆ ಹೆಚ್ಚು ಉಪಯುಕ್ತ. ಬಾಗಿಲಿನಲ್ಲಿ ವೈದ್ಯರ ಪರೀಕ್ಷೆ ದಾಟಿ ಬಂದ ಎಲ್ಲರಿಗೂ ಒಂದು ಪೊಟ್ಟಣ ಖನಿಜ ಮಿಶ್ರಣ ಕೊಡಿ. ವೇದಿಕೆಯಿಂದ ಜೋಡಿಯ ಬೆಲೆಯನ್ನು ಮಾತ್ರ ಕೂಗಬೇಡಿ. ಇಷ್ಟು ಲಕ್ಷದ ಹೋರಿ ಎಂಬ ಸುದ್ದಿ ಪತ್ರಿಕೆಗೆ ರುಚಿಸುತ್ತದೆ, ಆದರೆ ಮುಂದಿನ ವರ್ಷದ ಅಂಗಳಕ್ಕೆ ಸಾಮಾನ್ಯ ರೈತ ಕಾಲಿಡಲು ಹಿಂಜರಿಯುವುದು ಅದರಿಂದಲೇ.

ಮುಗಿದ ಮೇಲೆ

ಅದೇ ದಿನ ಮಧ್ಯಾಹ್ನದೊಳಗೆ ಎಲ್ಲ ಪ್ರವೇಶಗಳ, ಸೋತವರದ್ದೂ ಸೇರಿಸಿ, ಅಂಕಗಳನ್ನು ವಿಭಾಗವಾರು ಫಲಕಕ್ಕೆ ಹಚ್ಚಿ. ಯಾವ ಗುಣಕ್ಕೆ ಎಷ್ಟು ಹೋಯಿತೆಂದು ತಿಳಿದ ರೈತ ಜಗಳಕ್ಕೆ ಬರುವ ಬದಲು ತೀರ್ಪುಗಾರರ ಬಳಿ ಬಂದು ಪ್ರಶ್ನೆ ಕೇಳುತ್ತಾನೆ. ಅದಕ್ಕಾಗಿ ಅವರನ್ನು ಒಂದು ಗಂಟೆ ಹೆಚ್ಚಿಗೆ ಉಳಿಸಿಕೊಳ್ಳಿ. ಬೀಜದ ಹೋರಿ ವಿಭಾಗದಲ್ಲಿ ಮೊದಲ ಐದು ಸ್ಥಾನ ಪಡೆದವುಗಳ ಮಾಲೀಕರು ಒಪ್ಪಿದರೆ ಊರು ಮತ್ತು ಫೋನ್ ಸಂಖ್ಯೆಯ ಪಟ್ಟಿಯೊಂದನ್ನು ಮಾಡಿ ಹಾಲಿನ ಸಂಘಗಳಿಗೆ ಕೊಡಿ, ಹಸು ಸಾಕಿದವರಿಗೆ ಒಳ್ಳೆಯ ಹೋರಿ ಎಲ್ಲಿದೆ ಎಂಬುದು ಆಗ ತಿಳಿಯುತ್ತದೆ.

ಸೆಗಣಿ ಮತ್ತು ಉಳಿದ ಹುಲ್ಲನ್ನು ಹೊಲದ ಮಾಲೀಕರ ತಿಪ್ಪೆಗೆ ಸೇರಿಸಿ, ಪ್ಲಾಸ್ಟಿಕ್ ಆಯ್ದು ಬೇರೆ ಮಾಡಿ. ಹೊಲದಲ್ಲಿ ಉಳಿದ ಚೀಲ ಮುಂದಿನ ವಾರ ಯಾವುದೋ ಹಸುವಿನ ಹೊಟ್ಟೆ ಸೇರುತ್ತದೆ. ಕಾಲುಬಾಯಿ ಜ್ವರದ ಲಕ್ಷಣ ಕಾಣಿಸಲು ಎರಡು ವಾರದವರೆಗೂ ಚರ್ಮಗಂಟು ರೋಗಕ್ಕೆ ನಾಲ್ಕು ವಾರದವರೆಗೂ ಹಿಡಿಯಬಹುದಾದ್ದರಿಂದ, ನೋಂದಣಿ ಪುಸ್ತಕವನ್ನು ಕಪಾಟಿನಲ್ಲಿಡದೆ ಒಬ್ಬರ ವಶಕ್ಕೆ ಕೊಟ್ಟು ಹದಿನಾಲ್ಕನೆಯ ದಿನ ಮತ್ತು ಇಪ್ಪತ್ತೆಂಟನೆಯ ದಿನ ಪ್ರತಿ ಮನೆಗೂ ಫೋನ್ ಮಾಡಿಸಿ, ಯಾವ ಕೊಟ್ಟಿಗೆಯಲ್ಲಾದರೂ ಜ್ವರವೋ ಗಂಟೋ ಕಂಡಿದ್ದರೆ ಅದೇ ದಿನ ಪಶುವೈದ್ಯರಿಗೆ ತಿಳಿಸಿ.